ಉತ್ತರಕ್ಕೆ ಕಾದವಳು

ಅರಿಸಿನ ನೀರನ್ನು ಅತ್ತೆಯ ಪಾದಕ್ಕೆ ಹುಯ್ಯುತ್ತ ಗಂಗಾ, ಹಿಮ್ಮಡಿಯ ಒಡಕಿನಲ್ಲಿ ಕೂತಿದ್ದ ಕರಿಮಣ್ಣನ್ನು ಹೆಬ್ಬೆರಳಿನಿಂದ ಉಜ್ಜಿದಳು. ಅದು ಹೋಗಲಿಲ್ಲ. ಪಕ್ಕದ ಮನೆಯ ರೂಬಿನಾ ಇನ್ನೊಂದು ಕೊಡ ತಂದಿಟ್ಟು, ಒಮ್ಮೆ ಅತ್ತುಬಿಡು, ಎದೆಯಲ್ಲಿ ಇಟ್ಟುಕೊಳ್ಳಬೇಡ ಎಂದಳು. ಗಂಗಾಳಿಗೆ ಅಳು ಬರಲಿಲ್ಲ. ನಿನ್ನೆ ಮಧ್ಯಾಹ್ನ ಉಂಡು ಅಡ್ಡಾದ ಅತ್ತೆ ಫಕೀರವ್ವ ಏಳಲೇ ಇಲ್ಲವೆಂಬುದು ಬೇರೆ ಯಾರದೋ ಮನೆಯ ಸುದ್ದಿಯಂತಿತ್ತು.

ಮಗಳು ಭೂಮಿಕಾ ಎಲ್ಲಿ ಎಂದು ಕೇಳಿದಳು.

"ಬಾಗಲದಾಗ ಕುಂತೈತಿ. ಮುಂಜಾನಿಂದ ಒಂದ ಮಾತಿಲ್ಲ," ಎಂದಳು ರೂಬಿನಾ.

*

ಹೋದ ವರ್ಷ, ಮೂರು ತುಂಬಿದರೂ ಭೂಮಿಕಾಳಿಗೆ ಮಾತು ಬಂದಿರಲಿಲ್ಲ. ಓಣಿಯವರು ಮೂಗಿ ಎನ್ನತೊಡಗಿದ್ದರು. ಅವ್ವ ಅನ್ನು, ಅಪ್ಪ ಅನ್ನು ಎಂದು ಗದರಿಸಿ ಗಂಗಾ ಸೋತಿದ್ದಳು. ಕೂಸಿನ ಆಯಿ ಫಕೀರವ್ವ ಮಾತ್ರ ದಿನವೂ ಬಿಸಿಲಿಳಿದ ಮೇಲೆ ಮೊಮ್ಮಗಳ ಕೈಹಿಡಿದು ಗುಡಗೇರಿಯ ಹೊಲದ ದಾರಿ ಹಿಡಿಯುತ್ತಿದ್ದಳು. ಜಾಲಿ ಮರಕ್ಕೆ ಯಾರ ಮೇಲೆ ಸಿಟ್ಟು, ಆ ಮೋಡ ಯಾವ ಬೀಗರ ಮನೆಗೆ ಹೊರಟಿದೆ ಎಂದು ಕೇಳುವಳು. ಕೇಳಿ ಸುಮ್ಮನೆ ನಿಲ್ಲುವಳು.

ಒಮ್ಮೆ ಕಡಲೆ ಸೊಪ್ಪು ಹರಿಯಲು ಜೊತೆಗೆ ಹೋದ ಗಂಗಾಳಿಗೆ ತಾಳ್ಮೆ ಕೆಟ್ಟಿತು.

"ಅದಕ್ಕೇನ್ ತಿಳೀತೈತ್ರಿ ಅತ್ತಿ? ನೀವ ಹೇಳಿಬಿಡ್ರಿ."

"ನಾ ಹೇಳಿದ್ರ ಅದು ನನ್ನ ಮಾತಾಗತೈತಿ. ತಡಿಯವ್ವಾ, ಹುಡುಕಾಕತ್ತೈತಿ."

ಎದುರಿನ ಬೇವಿನ ಮರ ಯಾಕೆ ತಲೆ ಬಾಚಿಕೊಂಡಿಲ್ಲ ಎಂಬುದು ಅಂದಿನ ಪ್ರಶ್ನೆ. ಗಂಗಾ ಉಡಿ ತುಂಬ ಸೊಪ್ಪು ಹರಿದು ಬಂದಾಗಲೂ ಇಬ್ಬರೂ ಅಲ್ಲೇ ನಿಂತಿದ್ದರು. ಕೊನೆಗೆ ಕೂಸು ಬಾಯಿ ತೆರೆಯಿತು.

"ಹಣಗಿ... ಗಾಳಿ ಒಯ್ತು."

ಫಕೀರವ್ವ ಕುಣಿದಾಡಲಿಲ್ಲ. ಹಾಗಾದರೆ ಗಾಳಿಯ ಮನೆಗೆ ಹೋಗಿ ಕೇಳೋಣ ಎಂದು ಮುಂದೆ ನಡೆದಳು. ಸೊಪ್ಪು ಚೆಲ್ಲಿ ದಾರಿಯಲ್ಲೇ ಕೂತು ಅತ್ತವಳು ಗಂಗಾ.

*

ಮಣ್ಣು ಕೊಟ್ಟು ಎಲ್ಲರೂ ಊರ ಕಡೆ ತಿರುಗಿದಾಗ ಭೂಮಿಕಾ ನಡುದಾರಿಯಲ್ಲಿ ನಿಂತುಬಿಟ್ಟಳು. ಮುಂದೆ ಹೋಗುತ್ತಿದ್ದ ಗಂಗಾಳ ಗಂಡ ಭೀಮೇಶ ಹೊರಳಿ ನೋಡಿದ.

"ಎತ್ಗೋ ಅದನ್ನ. ಮೊದಲಿನಂಗ ಆಗಿಬಿಟ್ಟೀತು."

ಗಂಗಾ ಎತ್ತಿಕೊಳ್ಳಲಿಲ್ಲ. ಹೊಲಗಳಾಚೆ ಗೂಡ್ಸ್ ರೈಲೊಂದು ನಿಂತಿತ್ತು.

"ಆ ರೈಲು ಯಾಕ ನಿಂತೈತವ್ವಾ?" ಎಂದಳು. ದನಿ ತನ್ನದೇ ಎನಿಸಲಿಲ್ಲ.

ಭೂಮಿಕಾ ರೈಲನ್ನೇ ನೋಡಿದಳು. ಸಿಗ್ನಲ್ ಬಿದ್ದಿಲ್ಲ ಎಂಬ ಮಾತು ಗಂಗಾಳ ನಾಲಿಗೆಯ ತುದಿಗೆ ಬಂತು. ನುಂಗಿಕೊಂಡಳು. ಜನ ದೂರ ಸಾಗಿದರು. ಬಿಸಿಲು ನೆತ್ತಿ ಸುಡುತ್ತಿತ್ತು.

"ಆಯಿ ಹಳಿ ದಾಟಾಕತ್ತಾಳ," ಎಂದಿತು ಕೂಸು. "ಆಕಿ ಮೊಣಕಾಲ ನೋಯ್ತಾವು."

ರೈಲು ಕದಲಲಿಲ್ಲ. ಭೀಮೇಶ ಮತ್ತೆ ಕರೆದ. ಗಂಗಾ ಕೈಯೆತ್ತಿ ಅವನನ್ನೂ ಅಲ್ಲೇ ನಿಲ್ಲಿಸಿದಳು.