ಜಡೆಗೆ ತಾಗಿದ ಬಿಸಿ

ಬೀದಿಯವರೆಲ್ಲ ಅವನನ್ನು ಕರೆಂಟ್ ಮಾವ ಎನ್ನುತ್ತಿದ್ದರು. ನಿಜಕ್ಕೂ ಅವನು ಮಾವನಾಗಿದ್ದದ್ದು ಅಕ್ಕನ ಮಗಳೊಬ್ಬಳಿಗೆ. ಅವಳು ಚಿಕ್ಕವಳಿದ್ದಾಗ ಕೂಗುತ್ತಿದ್ದ ಹೆಸರೇ ಎಲ್ಲರ ಬಾಯಿಗೂ ಹತ್ತಿತ್ತು. ಅವನು ಎಳೆದ ವೈರು ಗೋಡೆಯ ಮೇಲೆ ಸ್ಕೇಲು ಹಿಡಿದು ಗೆರೆ ಹಾಕಿದಂತಿರುತ್ತಿತ್ತು. ಬೇರೆಯವರ ಕೆಲಸ ಕಂಡರೆ ಮೂಗು ಮುರಿಯುತ್ತಿದ್ದ, ಅದೂ ಅವರ ಎದುರಿಗೇ.

ಅಕ್ಕನ ಮಗಳು ದೂರದೂರಿನ ಬಸ್ಸು ಓಡಿಸುತ್ತಿದ್ದಳು. ಅವಳು ಸಾಕಿಕೊಂಡಿದ್ದದ್ದು ಒಂದು ಹಾವನ್ನು. ವಿಷವಿಲ್ಲದ್ದು, ಕಿತ್ತಳೆ ಬಣ್ಣದ್ದು. ಹೆಣೆದ ಕೂದಲಿನಂತೆ ಸುತ್ತಿಕೊಂಡು ಮಲಗುತ್ತಿತ್ತೆಂದು ಅದಕ್ಕೆ ಜಡೆ ಎಂದೇ ಹೆಸರಿಟ್ಟಿದ್ದಳು. ಅವಳ ಮನೆಗೆ ಬಣ್ಣ ಹೊಡೆಸುವುದಿತ್ತು. ಆ ವಾಸನೆ ಹಾವಿಗೆ ಆಗಿಬರುವುದಿಲ್ಲವೆಂದು ಗಾಜಿನ ಪೆಟ್ಟಿಗೆ ಸಮೇತ ಅದನ್ನು ಮಾವನ ಮನೆಗೆ ತಂದಳು. ಮುಂದಿನ ಕೋಣೆಯ ಮೇಜಿನ ಮೇಲೆ ಜಾಗ ಮಾಡಿದ್ದಾಯಿತು. ಮಾವನ ಹೆಂಡತಿ, ಅವಳ ಅತ್ತೆ, ಮಾತ್ರ ಅಡುಗೆಮನೆಯ ಬಾಗಿಲಲ್ಲೇ ನಿಂತು, "ಮುಚ್ಚಳ ಗಟ್ಟಿಯಾಗಿದೆ ತಾನೇ?" ಎಂದು ಮತ್ತೆ ಮತ್ತೆ ಕೇಳುತ್ತಿದ್ದಳು.

"ಮಾವ, ನನಗೆ ಡ್ಯೂಟಿಗೆ ಹೊತ್ತಾಯ್ತು, ನೀವೇ ಜೋಡಿಸಿಬಿಡಿ. ಬಿಸಿ ಮಾಡೋ ಮ್ಯಾಟು ಪೆಟ್ಟಿಗೆ ಅಡಿಗೆ ಒಂದೇ ಬದಿಗಿರಲಿ. ಇನ್ನೊಂದು ಬದಿ ತಣ್ಣಗೇ ಇರಬೇಕು. ಥರ್ಮೋಸ್ಟಾಟಿಂದ ಬರತ್ತಲ್ಲ, ಬಿಸಿ ಅಳೆಯೋ ಈ ಸೆನ್ಸರ್ ವೈರು, ಇದರ ತುದಿ ಮ್ಯಾಟಿಗೆ ಅಂಟ್ಕೊಂಡೇ ಇರಬೇಕು. ಟೇಪ್ ಹಾಕಿ. ಅದು ಮುಖ್ಯ."

"ಹೋಗೇ, ನನಗೇ ಕರೆಂಟು ಹೇಳಿಕೊಡ್ತೀಯಾ?" ಎಂದು ಅವನು ನಕ್ಕ.

ಅವಳೂ ನಕ್ಕು ಹೋದಳು. ಅವನು ಮ್ಯಾಟನ್ನು ಹೇಳಿದ ಜಾಗಕ್ಕೇ ಇಟ್ಟ. ಸೆನ್ಸರ್ ವೈರಿನ ವಿಷಯಕ್ಕೆ ಬಂದಾಗ ಮಾತ್ರ ಕೈ ತಡೆಯಿತು. ಅದು ಮೇಜಿನ ಮೇಲೆ ಅಡ್ಡಡ್ಡ ಹಾದು ಪೆಟ್ಟಿಗೆಯಡಿ ನುಗ್ಗಬೇಕಿತ್ತು. ನೋಡಲು ಅಸಹ್ಯ. ಏಸಿಯ ಥರ್ಮೋಸ್ಟಾಟು ಗೋಡೆಯ ಮೇಲಿದ್ದುಕೊಂಡೇ ಇಡೀ ಕೋಣೆಯ ಲೆಕ್ಕ ಹಿಡಿಯುವುದಿಲ್ಲವೇ? ಅಂಥವನ್ನು ಅವನು ಎಷ್ಟು ಕೂರಿಸಿಲ್ಲ! ಪೆಟ್ಟಿಗೆಯ ಹಿಂದಿನ ಗೋಡೆಗೆ ಕ್ಲಿಪ್ಪು ಹೊಡೆದು, ಸೆನ್ಸರನ್ನು ಅಲ್ಲೇ ನೀಟಾಗಿ ನಿಲ್ಲಿಸಿ, ಹೆಂಡತಿಯನ್ನು ಕರೆದು ತೋರಿಸಿದ. ಅವಳು ದೂರದಿಂದಲೇ "ಚೆನ್ನಾಗಿದೆ" ಎಂದಳು.

ಗೋಡೆಯ ಮೇಲಿನ ಸೆನ್ಸರಿಗೆ ತಾಗುತ್ತಿದ್ದದ್ದು ಕೋಣೆಯ ತಂಪು ಗಾಳಿ. ಇನ್ನೂ ಬಿಸಿ ಸಾಲದೆಂದು ಅದು ಮ್ಯಾಟನ್ನು ಉರಿಸುತ್ತಲೇ ಇತ್ತು. ಥರ್ಮೋಸ್ಟಾಟಿನ ದೀಪ ಒಮ್ಮೆಯೂ ಆರದ್ದನ್ನು ಅವನು ಕಂಡಿದ್ದ. ಅಗ್ಗದ ಮಾಲು, ಬಿಸಿ ಏರಿಸಲು ಹೆಣಗುತ್ತಿದೆ ಎಂದುಕೊಂಡ.

ಎರಡು ಮೂರು ದಿನಕ್ಕೆ ಭಯ ಕಳೆದು ಹೆಂಡತಿಯೇ ಹಾವಿನ ನೀರು ಬದಲಿಸತೊಡಗಿದ್ದಳು. "ರೀ, ಇದು ಯಾವಾಗ ನೋಡಿದ್ರೂ ನೀರಿನ ಬಟ್ಟಲಲ್ಲೇ ಬಿದ್ದಿರತ್ತೆ. ಸೆಕೆ ಆಗ್ತಿದೆಯೇನೋ."

"ಸ್ನಾನ ಮಾಡ್ತಿರಬೇಕು ಬಿಡು. ನಿನಗೇನು ಗೊತ್ತು ಇದರದ್ದೆಲ್ಲ?" ಎಂದು ಅವನು ಅವಳ ಬಾಯಿ ಮುಚ್ಚಿಸಿದ.

ಅಕ್ಕನ ಮಗಳು ಡ್ಯೂಟಿ ಮುಗಿಸಿ ಬಂದವಳು ಚೀಲವನ್ನೂ ಇಳಿಸದೆ ಹಾವನ್ನು ಕೈಗೆತ್ತಿಕೊಂಡಳು. ಹೊಟ್ಟೆಯ ಕೆಳಗೆ ಅಂಗೈ ಅಗಲ ಜಾಗ ಕೆಂಪಾಗಿ, ಹುರುಪೆಗಳು ಸುಕ್ಕಾಗಿದ್ದವು. ಒಂದೆರಡು ಕಡೆ ನೀರುಗುಳ್ಳೆ ಎದ್ದಿತ್ತು. ಅವಳು ಪೆಟ್ಟಿಗೆಯೊಳಗಿನ ಮರದ ಹೊಟ್ಟನ್ನು ಸರಿಸಿ ಗಾಜು ಮುಟ್ಟಿದವಳೇ ಕೈ ಹಿಂದಕ್ಕೆಳೆದುಕೊಂಡಳು. ಆಮೇಲೆ ಗೋಡೆ ನೋಡಿದಳು. ಸಾಲಾಗಿ ಹೊಡೆದ ಕ್ಲಿಪ್ಪುಗಳು, ಕೊನೆಯಲ್ಲಿ ಸೆನ್ಸರು. ಪ್ಲಗ್ಗು ಕಿತ್ತಳು. ಬೈದಿದ್ದರೆ ಅವನು ತಿರುಗಿ ಏನಾದರೂ ಅಂದುಬಿಡುತ್ತಿದ್ದನೇನೋ.

ಪ್ರಾಣಿ ಡಾಕ್ಟರ ಹತ್ತಿರ ಇಬ್ಬರೂ ಹೋದರು. ಡಾಕ್ಟರು ಗಾಯ ತೊಳೆಯುತ್ತ ಹೇಳಿದರು, "ಕೆಳಗಿಂದ ಸುಡ್ತಿದ್ರೆ ಹಾವಿಗೆ ಬೇಗ ಗೊತ್ತಾಗಲ್ಲ. ಬೆಚ್ಚಗಿದೆ ಅಂತ ಮಲಗೇ ಇರತ್ತೆ, ಪಾಪ. ಸೆನ್ಸರ್ ಎಲ್ಲಿಟ್ಟಿದ್ರಿ?"

ಅವನು ಕಣ್ಣು ತಪ್ಪಿಸಿದ. ಅಷ್ಟರಲ್ಲಿ ಅವಳೇ ಹೇಳಿಬಿಟ್ಟಳು, "ನನ್ನದೇ ತಪ್ಪು ಡಾಕ್ಟ್ರೇ. ಅವಸರದಲ್ಲಿ ಹೊರಗಡೆ ಬಿಟ್ಟುಬಿಟ್ಟೆ."

ಡಾಕ್ಟರು ಅವನತ್ತ ತಿರುಗಿದರು. "ನೀವು ನಮ್ಮ ಕ್ಲಿನಿಕ್ಕಿನ ವೈರಿಂಗ್ ಮಾಡಿದವರಲ್ವಾ? ಏನಮ್ಮಾ, ಇಂಥ ಮಾವನ್ನ ಮನೇಲಿಟ್ಕೊಂಡು ನೀನ್ಯಾಕೆ ಇದಕ್ಕೆಲ್ಲ ಕೈ ಹಾಕೋಕೆ ಹೋದೆ?"

"ಈಗಿನವರಿಗೆ ಎಲ್ಲದಕ್ಕೂ ಅವಸರ ಡಾಕ್ಟ್ರೇ," ಎಂದ ಅವನು. ಸಣ್ಣಗೆ ನಕ್ಕದ್ದೂ ಉಂಟು.

ಮಾತು ಬಾಯಿಂದ ಬಿದ್ದ ಮೇಲೆ ಅದು ಅವನ ಕಿವಿಗೇ ಕೇಳಿಸಿತು. ಅವಳು ತಲೆಯೆತ್ತಲಿಲ್ಲ. ಎರಡೂ ಕೈಯಲ್ಲಿ ಹಾವನ್ನು ಹಿಡಿದು, ಡಾಕ್ಟರು ಮುಲಾಮು ಹಚ್ಚುವುದನ್ನೇ ನೋಡುತ್ತಿದ್ದಳು. ಅವಳ ಕಿವಿ ಕೆಂಪಾಗಿತ್ತು. ನೆಲ ಬಾಯಿಬಿಟ್ಟು ತನ್ನನ್ನು ನುಂಗಬಾರದೇ ಎನ್ನಿಸಿತು ಅವನಿಗೆ. ಚಾವಣಿ ನೋಡಿದ. ಅಲ್ಲೂ ತಾನೇ ಎಳೆದ ಪೈಪು, ತಾನೇ ಕೂರಿಸಿದ ದೀಪ.

ಹೊರಗೆ ಬಂದು ಆಟೋ ಹತ್ತುವಾಗ ಅವನು, "ನೀನು ಕೂತಿರು, ಬಂದೆ" ಎಂದು ತಿರುಗಿ ಒಳಗೆ ಹೋದ. ನಾಯಿ ಹಿಡಿದುಕೊಂಡ ಒಬ್ಬಾಕೆ, ಬೆಕ್ಕಿನ ಬುಟ್ಟಿಯ ಒಬ್ಬ ಮುದುಕ ಕಾಯುತ್ತಿದ್ದರು. ಡಾಕ್ಟರು ಬಾಗಿಲಲ್ಲೇ ಇದ್ದರು.

"ಅದು ಅವಳು ಜೋಡಿಸಿದ್ದಲ್ಲ. ನಾನು. ಅವಳು ಹೇಳಿಯೇ ಹೋಗಿದ್ದಳು. ನಾನು ಕೇಳಲಿಲ್ಲ."

ಬುಟ್ಟಿಯ ಮುದುಕ ತಲೆಯೆತ್ತಿ ಅವನನ್ನು ನೋಡಿದ. ಡಾಕ್ಟರು, "ಮುಲಾಮು ತಪ್ಪಿಸಬೇಡಿ. ಮರದ ಹೊಟ್ಟು ಗಾಯಕ್ಕೆ ಅಂಟತ್ತೆ, ಅದನ್ನ ತೆಗೆದು ಪೇಪರ್ ಹಾಸಿ" ಎಂದರು. ಅಷ್ಟೇ. ಅವನಿಗೇನೂ ಹಗುರವಾಗಲಿಲ್ಲ.

ಆಟೋದಲ್ಲಿ ಅವಳು ಕೇಳಿದಳು, "ಹೇಳಿಬಿಟ್ರಾ?"

"ಹೂಂ."

"ಬೇಕಿರಲಿಲ್ಲ ಮಾವ."

"ಬೇಕಿತ್ತು. ಒಳಗಡೆ ನಾನು ಅಂದಿದ್ದನ್ನ ಮಾತ್ರ ವಾಪಸ್ ತಗೊಳ್ಳೋಕಾಗಲಿಲ್ಲ."

ಅವಳು ಸುಳ್ಳು ಸಮಾಧಾನ ಹೇಳಲಿಲ್ಲ. "ಅದು ನೋವಾಯ್ತು," ಎಂದಳು. ಮನೆ ಮುಟ್ಟುವವರೆಗೆ ಇಬ್ಬರೂ ರಸ್ತೆ ನೋಡಿದರು.

ಮನೆಯಲ್ಲಿ ಅವನು ಕ್ಲಿಪ್ಪುಗಳನ್ನು ಕೀಳುವಾಗ ಗೋಡೆಯ ಗಾರೆ ಉದುರಿತು. "ಇದು ಎಲ್ಲಿ ಕೂರಬೇಕು?" ಎಂದು ಸೆನ್ಸರ್ ಹಿಡಿದು ಕೇಳಿದ. ಅವಳು ಬೆರಳಿಟ್ಟು ತೋರಿಸಿದಳು. ಅವನು ಟೇಪು ಹಾಕಿದ, ಎಳೆದು ನೋಡಿದ. ಬಿಸಿ ಬದಿಗೊಂದು, ತಣ್ಣನೆಯ ಬದಿಗೊಂದು ಥರ್ಮಾಮೀಟರ್ ಇಟ್ಟರು. ಸ್ವಲ್ಪ ಹೊತ್ತಿಗೆ ದೀಪ ಆರಿತು, ಮತ್ತೆ ಹೊತ್ತಿತು. ಬಿಸಿ ಒಂದು ಮಟ್ಟಕ್ಕೆ ನಿಂತಿದೆಯೆಂದು ಖಾತ್ರಿಯಾಗುವ ತನಕ ಹಾವನ್ನು ಬಟ್ಟೆಯ ಚೀಲದಲ್ಲಿ ಮಡಿಲಲ್ಲಿಟ್ಟುಕೊಂಡು ಕೂತವಳು ಅತ್ತೆ. ಗಂಡನ ಕಡೆ ನೋಡಿ, "ನೀರಲ್ಲಿ ಬಿದ್ಕೊಂಡಿದೆ ಅಂತ ನಾನು ಅಂದಿದ್ದೆ" ಎಂದಳು. ಅವನು ತಲೆ ತಗ್ಗಿಸಿ, "ಅಂದಿದ್ದೆ" ಎಂದ.

ಜಡೆ ಬದುಕಿತು. ಪೊರೆ ಬಿಟ್ಟ ಹಾಗೆಲ್ಲ ಗಾಯ ಮಾಸುತ್ತ ಬಂದು, ಕೊನೆಗೆ ಹೊಟ್ಟೆಯ ಮೇಲೆ ಬಿಳಿಚಿದ ಕಲೆಯೊಂದು ಉಳಿಯಿತು. ಅಕ್ಕನ ಮಗಳು ಈಗಲೂ ಬರುತ್ತಾಳೆ, ಹಾವನ್ನೂ ತರುತ್ತಾಳೆ. ಹಿಡಿದುಕೊಳ್ಳಿ ಎಂದು ಕೊಟ್ಟರೆ ಅವನು ಹಿಡಿದುಕೊಳ್ಳುತ್ತಾನೆ, ಹೊಟ್ಟೆಯ ಆ ಕಲೆ ಅಂಗೈಗೆ ತಾಗದಂತೆ.