ನಾಲ್ಕಕ್ಕೆ ಕೂದಲೆಳೆಯಷ್ಟು ಕಡಿಮೆ

ಕಾರ್ಖಾನೆಯ ಮಾಲೀಕರು ರಟ್ಟಿನ ಪೆಟ್ಟಿಗೆಯೊಂದನ್ನು ಮೇಜಿನ ಮೇಲಿಟ್ಟು, ಅದರೊಳಗೆ ಪಿಂಗಾಣಿ ಬಟ್ಟಲನ್ನು ತುರುಕಲು ನೋಡಿದರು. ಬಾಯಲ್ಲೇ ಸಿಕ್ಕಿಕೊಂಡಿತು. ನಾಲ್ಕು ಇಂಚಿನ ಪೆಟ್ಟಿಗೆ ಮೂರೇ ಇಂಚಿಗೆ ಬಂದಿತ್ತು. ರಜೆಯಲ್ಲಿ ಯಾರೂ ಇಲ್ಲದಾಗ, ರಟ್ಟು ಕತ್ತರಿಸುವ ಯಂತ್ರ ತಾನಾಗೇ ಇಡೀ ಆರ್ಡರನ್ನು ಹೀಗೇ ಮುಗಿಸಿಬಿಟ್ಟಿತ್ತು.

ಯಂತ್ರಕ್ಕೆ ಈ ಲೆಕ್ಕ ಬರೆದುಕೊಟ್ಟವರು ಯಾರು ಎಂದು ಕೇಳಿದರು.

ಅವಳು ಭಾವನ ಕಡೆ ನೋಡಿದಳು. ಗಂಡನ ಅಣ್ಣ, ಕಂಪ್ಯೂಟರ್ ವಿಭಾಗದ ಮುಖ್ಯಸ್ಥರು. ಗಂಡ ಹೆಂಡತಿ ಇಬ್ಬರಿಗೂ ಇಲ್ಲಿ ಕೆಲಸ ಕೊಡಿಸಿದವರು. ಪೆಟ್ಟಿಗೆಯ ಘನಗಾತ್ರದಿಂದ ಅಂಚಿನ ಉದ್ದ ತೆಗೆಯುವ, ಸಿ ಭಾಷೆಯ ಪ್ರೋಗ್ರಾಮು ಅವರದೇ. ಘನಮೂಲಕ್ಕೆ ಅವರು ಪವ್ ಎಂಬ ಫಂಕ್ಷನ್ ಬಳಸಿ ಮೂರನೇ ಒಂದರ ಘಾತ ಕೊಟ್ಟಿದ್ದರು. ಮೂರನೇ ಒಂದು ಎಂಬುದು ಕಂಪ್ಯೂಟರಿಗೆ ಎಂದೂ ಪೂರ್ತಿ ದಕ್ಕುವುದಿಲ್ಲ, ಅರವತ್ತನಾಲ್ಕು ಘನ ಇಂಚಿಗೆ ನಾಲ್ಕರ ಬದಲು ಕೂದಲೆಳೆಯಷ್ಟು ಕಡಿಮೆ ಬರುತ್ತದೆ, ದಶಾಂಶ ಕತ್ತರಿಸಿದರೆ ಮೂರೇ ಉಳಿಯುತ್ತದೆ ಎಂದು ಅವಳು ಆಗಲೇ ಹೇಳಿದ್ದಳು. ಸಿ ಭಾಷೆಯ ಲೈಬ್ರರಿಯಲ್ಲೇ ಘನಮೂಲಕ್ಕೆಂದು ಬೇರೆ ಫಂಕ್ಷನ್, ಸಿಬಿಆರ್‌ಟಿ ಇದೆ, ಅದನ್ನು ಹಾಕಿ, ಬಂದದ್ದನ್ನು ಹತ್ತಿರದ ಪೂರ್ಣಾಂಕಕ್ಕೆ ತನ್ನಿ ಎಂದೂ ಹೇಳಿದ್ದಳು. ಕೂದಲು ಸೀಳೋದು ಬಿಡಮ್ಮ ಎಂದು ಭಾವ ನಕ್ಕಿದ್ದರು. ಪಕ್ಕದ ಕುರ್ಚಿಯಲ್ಲಿದ್ದ ಗಂಡನೂ ನಕ್ಕಿದ್ದ.

ಭಾವ ಗಂಟಲು ಸರಿಮಾಡಿಕೊಂಡರು. "ಹೊಸಬಳು ಸಾರ್. ನಾನೇ ಇನ್ನೊಂದ್ಸಲ ನೋಡ್ಬೇಕಿತ್ತು."

ಅವಳು ಗಂಡನ ಕಡೆ ತಿರುಗಿದಳು. "ನಾನು ಹೇಳಿದ್ದು ನಿಮಗೆ ಕೇಳಿಸಿತ್ತಲ್ವಾ?"

ಅವನು ಪೆಟ್ಟಿಗೆಯ ಅಂಚಿನ ಅಂಟನ್ನು ಉಗುರಿನಿಂದ ಕೆರೆಯುತ್ತ, ತನಗೆ ಸರಿಯಾಗಿ ನೆನಪಿಲ್ಲ ಎಂದ.

ನಾಳೆಯಿಂದ ಅವಳು ಗೋದಾಮಿನಲ್ಲಿ ಪೆಟ್ಟಿಗೆ ಮಡಚಲಿ, ಹೋಗುವ ಮುಂಚೆ ತಪ್ಪನ್ನು ತಿದ್ದಿಕೊಡಲಿ ಎಂದು ಹೇಳಿ ಮಾಲೀಕರು ಎದ್ದರು. ಅವಳು ಕೂತು ಪವ್ ಅಳಿಸಿ ಸಿಬಿಆರ್‌ಟಿ ಬರೆದಳು. ಅರವತ್ತನಾಲ್ಕಕ್ಕೆ ನಾಲ್ಕು ಬಂತು. ಹಿಂದೆ ನಿಂತಿದ್ದ ಭಾವ, ಇದು ಮನೆಯಲ್ಲಿ ಅಮ್ಮನ ಕಿವಿಗೆ ಬೀಳುವುದು ಬೇಡ ಎಂದು ಮೆಲ್ಲಗೆ ಹೇಳಿ ಹೋದರು.

ಸಂಜೆ ಬಸ್ ನಿಲ್ದಾಣದಲ್ಲಿ ಗಂಡ ಬಾಯಿಬಿಟ್ಟ. "ಅಣ್ಣನ್ನ ಹೇಗೆ ಬಿಟ್ಕೊಡೋದು? ಮನೇನೇ ಒಡೆದುಹೋಗುತ್ತೆ. ಸ್ವಲ್ಪ ದಿನ ತಡ್ಕೋ."

ಬಸ್ಸು ಬಂತು. ಇಬ್ಬರು ಕೂರುವ ಸೀಟೊಂದು ಖಾಲಿಯಿತ್ತು. ಅವನು ಕಿಟಕಿಯ ಪಕ್ಕ ಸರಿದು ಕೂತು ಅವಳಿಗಾಗಿ ಚೀಲವಿಟ್ಟು ಜಾಗ ಹಿಡಿದ. ಅವಳು ಮುಂದೆ ಹೋಗಿ ಡ್ರೈವರನ ಹಿಂದಿನ ಕಂಬಿ ಹಿಡಿದು ನಿಂತಳು. ಮುಂದಿನ ನಿಲ್ದಾಣದಲ್ಲಿ ಹತ್ತಿದವನೊಬ್ಬ ಇಲ್ಲಿ ಯಾರಾದರೂ ಇದ್ದಾರಾ ಎಂದು ಕೇಳಿದ. ಗಂಡ ಒಂದು ಗಳಿಗೆ ಅವಳ ಬೆನ್ನನ್ನೇ ನೋಡಿ, ಚೀಲವನ್ನೆತ್ತಿ ತೊಡೆಯ ಮೇಲಿಟ್ಟುಕೊಂಡ.