ಅಂಗಿಗಳು ಮುಗಿಯುವ ಹೊತ್ತಿಗೆ

ಪಕ್ಕದ ಮನೆಯಿಂದ ಎರವಲು ತಂದ ಇಸ್ತ್ರಿ ಪೆಟ್ಟಿಗೆಯನ್ನು ಅವಳು ಅಂಗಿಯ ಕಾಲರಿನ ಮೇಲೆ ಒತ್ತಿ ಹಿಡಿದಿದ್ದಳು. ನಡುಮನೆಯಲ್ಲಿ ಗಂಡ ಮಲಗಿದ್ದ, ಗಲ್ಲದವರೆಗೂ ಹೊದಿಕೆ. ಮಸಣದ ಗಾಡಿ ಬರುವ ಮುಂಚೆ ಅಂಗಿ ತೊಡಿಸಬೇಕಿತ್ತು.

"ಬಿಡಿ ಅತ್ತಿಗೆ, ಇದ್ದ ಹಾಗೇ ಹಾಕೋಣ," ಎಂದ ಸಿನಿಮಾ ಮಂದಿರದ ಗೇಟಿನವನು. "ಇಸ್ತ್ರಿ ಮಾಡಿದ್ರೆ ನಮ್ಮ ಸುಕ್ಕಣ್ಣನ್ನ ಯಾರೂ ಗುರುತು ಹಿಡಿಯಲ್ಲ."

ಇಂಥ ಹೊತ್ತಿನಲ್ಲೂ ಅವಳಿಗೆ ನಗು ಬಂತು. ಬಂದದ್ದಕ್ಕೆ ಸಿಟ್ಟೂ ಬಂತು.

"ಜೀವಮಾನ ಪೂರ್ತಿ ನನ್ನ ಮಾನ ಕಳೆದ್ರು. ನೋಡಿದವರೆಲ್ಲ ನನ್ನೇ ಸೋಮಾರಿ ಅಂದ್ರು. ಇವತ್ತೊಂದಿನ ನಾನು ಹೇಳಿದ ಹಾಗೆ ಕೇಳ್ಲಿ."

ಗಂಡ ಆ ಮಂದಿರದಲ್ಲಿ ಸಿನಿಮಾ ಓಡಿಸುತ್ತಿದ್ದ. ಮೇಲೆ ಗೂಡಿನಂಥ ಕೋಣೆ, ಕತ್ತಲು, ಯಂತ್ರದ ಗರಗರ. ಕೆಳಗೆ ಬಂದು ಮ್ಯಾನೇಜರ್ ಆಗು ಎಂದು ಮಾಲೀಕರು ಕರೆದಾಗ, ಗರಿಗರಿ ಅಂಗಿ ತೊಡಬೇಕಲ್ಲ ಎಂದು ಒಲ್ಲೆ ಎಂದಿದ್ದ. ಅದು ತಿಳಿದ ದಿನ ಅವಳು ಅಡುಗೆಮನೆಯಲ್ಲಿ ಕೂತು ಅತ್ತಿದ್ದಳು. ಇಷ್ಟು ಸಣ್ಣ ವಿಷಯಕ್ಕೆ ಬಂದ ಅದೃಷ್ಟವನ್ನು ಒದೆಯುವ ಗಂಡಸು ಇನ್ನೆಲ್ಲಾದರೂ ಇದ್ದಾನೆಯೇ?

*

ಮದುವೆಯಾದ ಹೊಸತು. ತವರಿಗೆ ಹೊರಡುವ ಮುನ್ನ ಅವನ ಅಂಗಿಗಳನ್ನೆಲ್ಲ ಇಸ್ತ್ರಿ ಮಾಡಿ, ಮಡಿಸಿ, ಮಂಚದ ಮೇಲೆ ಜೋಡಿಸಿಟ್ಟಿದ್ದಳು. ಮೆಚ್ಚುತ್ತಾನೆಂದು ಬಾಗಿಲಲ್ಲೇ ಕಾದಿದ್ದಳು. ಕೆಲಸದಿಂದ ಬಂದವನು ಮಂಚ ನೋಡಿದ. ಮುಖ ಬಿಳಿಚಿಕೊಂಡಿತು.

"ಯಾರು ಮಾಡು ಅಂದ್ರು ನಿಂಗೆ? ಯಾರು ಅಂದ್ರು?"

ಅಂಗಿಗಳನ್ನು ಬಾಚಿ ನೆಲಕ್ಕೆಸೆದ. ಇಸ್ತ್ರಿ ಪೆಟ್ಟಿಗೆ ಗುಜರಿಯವನ ಪಾಲಾಯಿತು. ಅವಳು ತವರಿಗೆ ಹೋಗಲಿಲ್ಲ. ಕಾರಣ ಕೇಳಿದಾಗಲೆಲ್ಲ ಅವನು ಚಪ್ಪಲಿ ಮೆಟ್ಟಿ ಹೊರಟುಬಿಡುತ್ತಿದ್ದ. ತನ್ನ ಕೆಲಸ ಅವನಿಗೆ ಹಿಡಿಸುವುದಿಲ್ಲ, ತಾನೇ ಹಿಡಿಸುವುದಿಲ್ಲ ಎಂದು ಅವಳು ತೀರ್ಮಾನಿಸಿಕೊಂಡಳು. ಒಂದೇ ಮಂಚದಲ್ಲಿ ಮಲಗಿಯೂ ಒಂಟಿಯಾಗಿರುವುದು ರೂಢಿಯಾಯಿತು.

*

ಅವನ ಅಕ್ಕ ಬಂದಾಗ ಅಂಗಿಯ ತೋಳು ಬಾಕಿಯಿತ್ತು. ಮುದುಕಿ ತಮ್ಮನ ಹಣೆ ಸವರಿ ಒಳಕೋಣೆಗೆ ಬಂದಳು. ಬಿಸಿ ಬಟ್ಟೆಯ ವಾಸನೆಗೆ ಹೊಸ್ತಿಲಲ್ಲೇ ನಿಂತಳು.

"ಅಯ್ಯೋ, ಬೇಡ ಕಣಮ್ಮ. ಅವನಿಗೆ ಅದಾಗಲ್ಲ."

"ಯಾಕಾಗಲ್ಲ ಅಕ್ಕಾ? ಇವತ್ತಾದ್ರೂ ಹೇಳಿ. ನಾನೇನು ತಪ್ಪು ಮಾಡಿದ್ದೆ?"

"ನಿಂಗೆ ಹೇಳೇ ಇಲ್ವಾ? ಅಮ್ಮ ಹೋದದ್ದು?"

"ತೀರಿಕೊಂಡ್ರು ಅಂದಿದ್ರು."

"ಎಲ್ಲಿ ತೀರಿಕೊಂಡ್ಲು!" ಮುದುಕಿ ಗೋಡೆ ಹಿಡಿದು ಕೂತಳು. "ಎದ್ದು ಹೋದ್ಲು, ಅಷ್ಟೆ."

*

ಆವತ್ತು ಬೆಳಿಗ್ಗೆ ತಾಯಿ ಕೆಂಡ ತುಂಬಿ, ಹುಡುಗನ ಅಂಗಿಗಳನ್ನೆಲ್ಲ ಒಂದೇ ಸಮನೆ ಇಸ್ತ್ರಿ ಮಾಡಿದಳು. ಕೊನೆಯದನ್ನು ಬಿಸಿ ಆರುವ ಮುನ್ನವೇ ಅವನಿಗೆ ತೊಡಿಸಿ ಗುಂಡಿ ಹಾಕಿದಳು.

"ಸ್ವಲ್ಪ ಹೋಗ್ಬರ್ತೀನಿ ಕಂದ. ಇವೆಲ್ಲ ಮುಗಿಯೋ ಹೊತ್ತಿಗೆ ಬಂದ್ಬಿಡ್ತೀನಿ."

ಹುಡುಗ ಜಾಣ. ಶಾಲೆಗೊಂದು, ಆಟಕ್ಕೊಂದು, ಮಲಗುವುದಕ್ಕೊಂದು ಅಂಗಿ ತೊಟ್ಟ. ಬಿಚ್ಚಿದ್ದನ್ನೆಲ್ಲ ಹಿಸುಕಿ ಮೂಲೆಗೆ ಹಾಕಿದ. ಬೇಗನೆ ಮುಗಿಸಿ, ಮೆಟ್ಟಿಲ ಮೇಲೆ ಹೋಗಿ ಕೂತ. ನೆರೆಯಾಕೆ ನೋಡಿ ಮರುಗಿದಳು. ಮೂಲೆಯ ಗುಡ್ಡೆ ಒಯ್ದು, ಎಲ್ಲ ಇಸ್ತ್ರಿ ಮಾಡಿ ತಂದುಕೊಟ್ಟಳು. ತಾಯಿ ಹೋದಾಗ ಅಳದ ಹುಡುಗ ಆಗ ಬಾಯಿ ಬಡಿದುಕೊಂಡು ಅತ್ತ. ಈಗ ಮತ್ತೆ ಮೊದಲಿಂದ ಮುಗಿಸಬೇಕಲ್ಲ!

*

"ಆಮೇಲೆ ಒಂದಕ್ಕೂ ಇಸ್ತ್ರಿ ತಾಗಿಸಗೊಡಲಿಲ್ಲ," ಎಂದಳು ಮುದುಕಿ. "ದೊಡ್ಡವನಾದ. ಅಮ್ಮ ಬರಲ್ಲ ಅನ್ನೋದು ಗೊತ್ತಿತ್ತು. ಆದ್ರೂ ಬಿಡಲಿಲ್ಲ."

ಅವಳು ಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿದಳು.

"ಆವತ್ತು ನಾನು ತವರಿಗೆ ಹೊರಟಿದ್ದೆ ಅಕ್ಕಾ," ಎಂದಳು ಮೆಲ್ಲಗೆ. "ನಾಲ್ಕೇ ದಿನಕ್ಕೆ ಬರ್ತಿದ್ದೆ. ಅವರು ಒಂದು ಮಾತು ಕೇಳಿದ್ರೆ ಹೇಳ್ತಿದ್ದೆನಲ್ಲ."

ಮುದುಕಿ ಸೆರಗಿನಿಂದ ಕಣ್ಣೊತ್ತಿಕೊಂಡಳು. ಹೊರಗೆ ಗಾಡಿ ಬಂದು ನಿಂತ ಸದ್ದಾಯಿತು.

"ಅತ್ತಿಗೆ, ಗಾಡಿ ಬಂತು," ಎಂದು ಗೇಟಿನವನು ಕೂಗಿದ. "ಅಂಗಿ ಕೊಡಿ, ಹೊತ್ತಾಯ್ತು."

ಅವಳು ಬಿಸಿ ಅಂಗಿಯನ್ನು ಎತ್ತಿಕೊಂಡಳು. ಎರಡು ಮುಷ್ಟಿಯಲ್ಲೂ ಹಿಡಿದು ಹಿಸುಕಿದಳು. ಬಿಡಿಸಿ ನೋಡಿದಳು, ಬೆನ್ನಿನ ಕಡೆ ಇನ್ನೂ ನುಣುಪಾಗಿತ್ತು. ಮತ್ತೆ ಉಂಡೆ ಮಾಡಿ, ಹೊಟ್ಟೆಗೆ ಅವಚಿಕೊಂಡು, ಬಲವೆಲ್ಲ ಹಾಕಿ ಹಿಸುಕತೊಡಗಿದಳು. ಗೇಟಿನವನು ಮತ್ತೊಮ್ಮೆ ಕೂಗಿದ. ಅವಳು ಅಂಗಿ ಕೊಡಲಿಲ್ಲ.